ಸತ್ತವರು ಎದ್ದು ನಿಲ್ಲುವ ಹೊತ್ತು

ಜಂಬಣ್ಣ ಸಾಯುವ ದೃಶ್ಯ ಮಧ್ಯಾಹ್ನಕ್ಕೇ ಮುಗಿದಿತ್ತು. ಕೆಂಗೇರಿಯಾಚೆ ಒಂದು ತೊಟ್ಟಿಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿ, ಮೂಗಿಗೆ ಹತ್ತಿ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಅವನ ಮನೆತನದಲ್ಲಿ ಹೆಣವನ್ನು ಮಲಗಿಸುವ ಪದ್ಧತಿಯಿಲ್ಲ, ಕೂರಿಸುತ್ತಾರೆ. ಆದರೆ ಸಿನಿಮಾದವರಿಗೆ ಮಲಗಿದ ಹೆಣವೇ ಬೇಕು.

ಸಿನಿಮಾದವರಿಗೆ ಇನ್ನೊಂದೂ ಬೇಕು. ಹೆಣವಾದವನು ಎದ್ದು, ಹತ್ತಿ ಕಿತ್ತು, ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ಒಂದು ಶಾಟ್ ತೆಗೆಯುತ್ತಾರೆ. ಅದನ್ನು ಯಾರೂ ಯಾವ ಟಾಕೀಸಿನಲ್ಲೂ ನೋಡುವುದಿಲ್ಲ. ಹಾಗೆ ನಗದೆ ಎದ್ದು ಹೋದರೆ ಸಾವು ಮೈಗಂಟುತ್ತದೆ ಎಂದು ನಂಬಿಕೆ.

ಜಂಬಣ್ಣನಿಗೆ ನಗು ಬರಲಿಲ್ಲ.

ರಾಜಾಜಿನಗರದ ಗೋಡೆಗೋಡೆಯ ಪೋಸ್ಟರಿನಲ್ಲೂ ಇದ್ದ ನಗು ಅದು. ಆ ನಗು ನೋಡಲೆಂದೇ ಕುರುಬರಹಳ್ಳಿಯ ಹೆಂಗಸರು ಕೊಡ ಸೊಂಟದಲ್ಲಿಟ್ಟುಕೊಂಡು ಅವನ ಗೇಟಿನ ಮುಂದೆ ನಿಲ್ಲುತ್ತಿದ್ದರು. ಅಂಗಳದಲ್ಲಿ ಎಲ್ಲರೂ ಕಾದರು. ತುಟಿ ಅಲುಗಲಿಲ್ಲ. ಅವನು ಹಾರ ತೆಗೆದಿಟ್ಟು ಕಾರು ಹತ್ತಿದ.

ಮನೆಗೆ ಬಂದ ಮೇಲೂ ಕೂರಲಾಗಲಿಲ್ಲ. ಹಾಲಿನಿಂದ ವರಾಂಡಾಕ್ಕೆ, ವರಾಂಡಾದಿಂದ ಹಾಲಿಗೆ ತಿರುಗಿದ. ಫ್ಯಾನು ಹಾಕಿದ, ಆರಿಸಿದ. ನಾಟಕ ಕಂಪನಿಯ ಕಾಲದ ಕಬ್ಬಿಣದ ಟ್ರಂಕು ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು, ನಾಳೆಯೇ ಕ್ಯಾಂಪು ಎತ್ತುವವರಂತೆ. ಅದರ ಮೇಲೆ ಕೂತು ಮತ್ತೆ ಎದ್ದ.

ಗಿರಿಜಾದೇವಿ ಚಹಾ ತಂದವಳು ಲೋಟ ಕೊಡಲಿಲ್ಲ. ಗಂಡ ಸಾಯುವ ದೃಶ್ಯವಿದ್ದ ದಿನ ಅವಳು ಒಂದೇ ಮಾತು ಕೇಳುತ್ತಿದ್ದಳು.

"ನಕ್ಕು ಬಂದ್ರಿ ಹೌದಿಲ್ಲೋ?"

"ಹೂಂ."

"ನನ್ನ ಮಾರಿ ನೋಡಿ ಹೇಳ್ರಿ."

ಅವನು ಕಿಟಕಿಯ ಕಡೆ ನೋಡಿದ. "ಬರಲಿಲ್ಲ ಗಿರಿಜಾ. ನಗಾಕ ಬರಲಿಲ್ಲ."

ಅವಳು ಲೋಟವನ್ನು ಟ್ರಂಕಿನ ಮೇಲಿಟ್ಟಳು. "ಕ್ಯಾಮೆರಾದವರು ಪೆಟಿಗಿ ಕಟ್ಟಿ ಮದರಾಸಿಗೆ ಹೋಗಿಬಿಟ್ಟಾರೇನು?"

"ರಾತ್ರಿ ಮೇಲ್ ಗಾಡಿಗೆ ಹೋಗ್ತಾರ."

"ಹಂಗಾದ್ರ ಏಳ್ರಿ. ನಾ ಇನ್ನೂ ಕುಂಕುಮ ಹಚ್ಚಾಕಿ ಅದೀನಿ."

ಡ್ರೈವರ್ ಅಂಜಿನಯ್ಯ ಗೇಟಿನ ಬಳಿ ಬೀಡಿ ಆರಿಸಿದ. "ಎಲ್ಲಿಗೆ ಸಾರ್?"

"ಕೆಂಗೇರಿ."

"ಈಗ್ತಾನೆ ಬಂದ್ವಲ್ಲ ಸಾರ್. ಮರೆತು ಬಂದ್ರಾ ಏನಾದ್ರೂ?"

"ಹೌದಪ್ಪಾ," ಎಂದಳು ಗಿರಿಜಾದೇವಿ. "ಬಿಸಿಲು ಇಳಿಯೂದ್ರಾಗ ಮುಟ್ಟಿಸು."

ಮಾಗಡಿ ರಸ್ತೆ ದಾಟಿ ವಿಜಯನಗರಕ್ಕೆ ಬಂದರು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಇನ್ನೂ ಬಂದಿರಲಿಲ್ಲ. ಬಿಸಿಲು ಕಲ್ಲುಗಳ ನೆರಳನ್ನು ಉದ್ದಕ್ಕೆ ಎಳೆಯುತ್ತಿತ್ತು. ಜಂಬಣ್ಣ ಕಾರಿನ ಗಾಜನ್ನು ಇಳಿಸಿದ, ಏರಿಸಿದ. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇತ್ತು.

ಕಣ್ಣು ಮುಚ್ಚಿ ಮಲಗಿದ್ದಾಗ ಆದದ್ದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಎದೆಯ ಮೇಲೆ ಬಿದ್ದು ಅತ್ತ ಹುಡುಗಿಗೆ ಕನ್ನಡ ಬಾರದು. ಅವಳ ಅಳುವನ್ನು ಆಮೇಲೆ ಡಬ್ಬಿಂಗಿನಲ್ಲಿ ಇನ್ನೊಬ್ಬರು ಅಳುತ್ತಾರೆ. ಆ ಅಳುವಿನ ಕೆಳಗೆ ಅವನಿಗೆ ಎಷ್ಟೋ ವರ್ಷಗಳ ಮೇಲೆ ಹಾಯೆನಿಸಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಏಳುವುದು ಬೇಡವೆನಿಸಿತ್ತು. ಹೆದರಿಸಿದ್ದು ಅದೇ.

ಕಂಪನಿಯಲ್ಲಿ ಹೀಗಾಗುತ್ತಿರಲಿಲ್ಲ. ಅಲ್ಲಿ ಅವನ ಎದೆಯ ಮೇಲೆ ಬಿದ್ದು ಅಳುತ್ತಿದ್ದವಳು ಗಿರಿಜಾ. ಅಳುತ್ತಲೇ, "ಹೊಟ್ಟಿ ಅಲುಗಾಡಸಬ್ಯಾಡ್ರಿ, ಮುಂದಿನ ಸಾಲಿನವರು ನಗಾಕತ್ಯಾರ," ಎಂದು ಪಿಸುಗುಡುತ್ತಿದ್ದಳು. ನಾಟಕದ ಕೊನೆಗೆ ಅವಳೇ ಮಂಗಳದ ಹಾಡು ಎತ್ತುತ್ತಿದ್ದಳು. ಮಂಗಳ ಕೇಳಿದೊಡನೆ ಸತ್ತವರೆಲ್ಲ ಎದ್ದು, ಮಣ್ಣು ಕೊಡವಿ, ಕೈಮುಗಿದು ಸಾಲಾಗಿ ನಿಲ್ಲಬೇಕು. ಅವನು ಸಿನಿಮಾಕ್ಕೆ ಹೋದ ವರ್ಷ ಅವಳು ಬಣ್ಣ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಹೇಳಲಿಲ್ಲ.

ಅಂಗಳದಲ್ಲಿ ಕ್ಯಾಮೆರಾಮನ್ ನಂಜುಂಡಪ್ಪ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ನಿರ್ದೇಶಕರು ಆಗಲೇ ಹೊರಟಿದ್ದರು.

"ಅಣ್ಣಾ, ನೀವು ಬರ್ತೀರ ಅಂತ ಗೊತ್ತಿತ್ತು ಕಣಣ್ಣಾ," ಎಂದ. ಆಮೇಲೆ ಗಿರಿಜಾದೇವಿಯನ್ನು ಕಂಡು ಎದ್ದು ನಿಂತ. "ಬೆಳಕು ಹೋಗ್ತಾ ಇದೆ. ಬೇಗ ನಕ್ಕುಬಿಡಿ."

ಕ್ಯಾಮೆರಾವನ್ನು ಮತ್ತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಜಂಬಣ್ಣ ಎದುರು ನಿಂತು ಹಲ್ಲು ಬಿಟ್ಟ. ಲೆನ್ಸಿನಲ್ಲಿ ತನ್ನ ಪುಟ್ಟ ಮುಖ ಕಂಡಿತು, ಪೋಸ್ಟರಿನದು.

"ಇದು ಟೂತ್‌ಪೇಸ್ಟಿನ ನಗು ಅಣ್ಣಾ," ಎಂದ ನಂಜುಂಡಪ್ಪ.

"ನಿಂತು ಬರೂದಿಲ್ಲ," ಎಂದಳು ಗಿರಿಜಾದೇವಿ. "ಮಲಕೊಳ್ರಿ."

ಚಾಪೆ ಅಲ್ಲೇ ಇತ್ತು. ಅವನು ಮಲಗಿ ಕಣ್ಣು ಮುಚ್ಚಿದ. ಮತ್ತೆ ಅದೇ ಹಾಯಿ ಕಾಲಿನಿಂದ ಮೇಲೇರತೊಡಗಿತು. ಬೆರಳುಗಳು ಮೊದಲ ಬಾರಿಗೆ ಸುಮ್ಮನಾದವು. ಇನ್ನು ಏಳಲಾರೆನೇನೋ ಎಂದುಕೊಳ್ಳುವಷ್ಟರಲ್ಲಿ ತಲೆಯ ಹಿಂದೆ ಅವಳು ಮಂಗಳ ಎತ್ತಿದಳು.

ದನಿ ಒಡೆದಿತ್ತು. ಶ್ರುತಿ ಎಲ್ಲೋ, ಅವಳು ಎಲ್ಲೋ. ಆದರೂ ಮೊಣಕಾಲು ತಾನೇ ಮಡಿಚಿಕೊಂಡಿತು. ಎದ್ದ, ಇಲ್ಲದ ಮಣ್ಣು ಕೊಡವಿದ, ಕೈಮುಗಿದು ನಿಂತ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲು ಬರಲಿಲ್ಲ. ಕೈಮುಗಿದುಕೊಂಡೇ ಕಾದ. ಓರೆಗಣ್ಣಿನಿಂದ ನೋಡಿದರೆ, ಗಿರಿಜಾದೇವಿ ಕತ್ತು ಉದ್ದ ಮಾಡಿ ಬಲಗಡೆ ಹುಣಸೆಮರದತ್ತ ಹುಡುಕುತ್ತಿದ್ದಳು. ಸಾಲು ಮರೆತಾಗ ಹೇಳಿಕೊಡುವವನು ಸೈಡ್‌ವಿಂಗಿನಲ್ಲಿ ನಿಂತಿರುತ್ತಿದ್ದದ್ದು ಆ ಕಡೆಗೇ. ಮರದ ಕೆಳಗೆ ಅಂಜಿನಯ್ಯ ಗಾಬರಿಯಿಂದ ಬೀಡಿ ಬಚ್ಚಿಟ್ಟುಕೊಂಡ.

ಜಂಬಣ್ಣನ ಹೊಟ್ಟೆ ಅಲುಗಿತು. ನಗು ಹಲ್ಲಿಗಿಂತ ಮೊದಲು ಭುಜಕ್ಕೆ ಬಂತು, ಕೆಮ್ಮಾಯಿತು, ಕಣ್ಣಲ್ಲಿ ನೀರಾಯಿತು.

"ನಗ್ರಿ, ನಗ್ರಿ," ಎಂದಳು ಅವಳು ಸಿಟ್ಟಿನಿಂದ. "ಮರತದ್ದಕ್ಕ ನಗ್ರಿ."

ಕ್ಯಾಮೆರಾ ಗಿರ್ರೆಂದು ಓಡಿ ನಿಂತಿತು. ನಂಜುಂಡಪ್ಪ ತಲೆ ತಗ್ಗಿಸಿ ಹೇಳಿದ, "ಅಕ್ಕಾ, ಸುಳ್ಳು ಹೇಳಬಾರದು. ಮಧ್ಯಾಹ್ನವೇ ಫಿಲ್ಮ್ ಖಾಲಿ. ಸುಮ್ನೆ ಓಡಿಸಿದೆ."

ಜಂಬಣ್ಣ ಹೆಂಡತಿಯ ಮುಖ ನೋಡಿದ.

"ಎದ್ದು ನಿಂತಾರಲ್ಲ," ಎಂದಳು ಅವಳು. "ಕಂಪನಿಯೊಳಗ ಯಾವ ಫಿಲ್ಮಿತ್ತು?"

ವಾಪಸಾಗುವಾಗ ಮೈಸೂರು ರಸ್ತೆಯಲ್ಲಿ ದೀಪಗಳು ಹತ್ತುತ್ತಿದ್ದವು. ಜಂಬಣ್ಣನ ಬೆರಳು ಮತ್ತೆ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು.

"ನಾಳೆ ಮನ್ಯಾಗ ಹಾಡ್ತೀಯೇನು?"

"ಮಂಗಳ ಆದಮ್ಯಾಲ ಯಾರರ ಹಾಡ್ತಾರೇನ್ರಿ?"

ಅವಳು ಆಚೆ ಮುಖ ಮಾಡಿದಳು. ಗಾಜಿನಲ್ಲಿ ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಮೊದಲ ಸಾಲು, ಆಮೇಲೆ ನಿಲುಗಡೆ, ಮತ್ತೆ ಮೊದಲ ಸಾಲು. ಎರಡನೆಯ ಸಾಲು ಜಂಬಣ್ಣನಿಗೆ ನೆನಪಿತ್ತು. ನಾಲಗೆಯ ತುದಿಗೆ ಬಂದದ್ದನ್ನು ತಡೆಹಿಡಿದು, ಅವಳಿಗೆ ಅದು ಸಿಗಲಿ ಎಂದು ರಾಜಾಜಿನಗರದವರೆಗೂ ತಾಳ ಹಾಕುತ್ತಲೇ ಕೂತ.