ಅಕ್ಕನ ಹೆಬ್ಬೆರಳು

ಯಾವ ಉತ್ತರವನ್ನಾದರೂ ಒಂದೇ ಸಲಕ್ಕೆ ನಂಬಿದ ಪಾಪ ಆಕೆ ಈ ಜನ್ಮದಲ್ಲಿ ಮಾಡಿದವಳಲ್ಲ. ತರಕಾರಿಯವನು ತೂಗಿದ ಬದನೆಕಾಯಿಯನ್ನು ತಕ್ಕಡಿಯಿಂದ ಇಳಿಸಿ, ಮತ್ತೆ ಏರಿಸಿ, ಇನ್ನೊಂದು ಸಲ ನೋಡಪ್ಪಾ ಎನ್ನುವಳು. ಅವನ ಮೇಲೆ ಅನುಮಾನವಲ್ಲ, ತಕ್ಕಡಿಯ ಮೇಲೆ ಕುತೂಹಲ. ದಾರಿಯಲ್ಲಿ ಗಂಟೆ ಕೇಳುವುದಾದರೆ ಇಬ್ಬರನ್ನು ಕೇಳುವಳು, ಇಬ್ಬರೂ ಬೇರೆ ಬೇರೆ ಹೇಳಿದರಂತೂ ಮುಖ ಅರಳುವುದು. ಮದುವೆಗೆ ಒಪ್ಪಿಗೆಯಾ ಎಂದು ಮೂರು ಸಲ ಕೇಳಿದಳು, ಮೂರು ಸಲವೂ ಒಂದೇ ಉತ್ತರ ಕೊಟ್ಟು ಸಿಕ್ಕಿಹಾಕಿಕೊಂಡೆ ಎಂದು ಗಂಡ ನೆಂಟರ ಮುಂದೆ ಗೋಳಾಡುವುದುಂಟು.

ಕಾರ್ಖಾನೆಯಲ್ಲಿ ಆಕೆ ತಪಾಸಣೆಯ ಮೇಜಿಗೆ ಹಿರಿಯಳು. ಬೂದು ಬಣ್ಣದ ಕೋಟು, ಅದರ ಜೇಬಿನಲ್ಲಿ ಅಚ್ಚುಕಟ್ಟಾಗಿ ಮಡಿಸಿದ ಹತ್ತಿಬಟ್ಟೆ, ಏನನ್ನೋ ಮರೆತು ಬಂದವರಂತೆ ನಿಂತು ಹಿಂದೆ ನೋಡಿ ಮುಂದೆ ಸಾಗುವ ನಡಿಗೆ. ಉಕ್ಕು ಕಡೆಯುವ ಲೇತ್ ಯಂತ್ರದಿಂದ ಬಂದ ಶಾಫ್ಟುಗಳನ್ನು, ಎಂದರೆ ದುಂಡನೆಯ ಸರಳುಗಳನ್ನು, ಒರೆಸಿ, ಮೈಕ್ರೋಮೀಟರಿನ ದವಡೆಗಳ ನಡುವೆ ಹಿಡಿದು, ತಿರುಪು ತಿರುಗಿಸಿ ದಪ್ಪ ಓದುವುದು ಕೆಲಸ. ಆ ತಿರುಪಿನ ತುದಿಗೊಂದು ಪುಟ್ಟ ಹಿಡಿಯುಂಟು. ಅದರಿಂದ ತಿರುಗಿಸಿದರೆ ಒತ್ತಡ ಸಾಕಾದೊಡನೆ ಕಟಕಟ ಎಂದು ತಾನೇ ಜಾರಿ, ಯಾರ ಕೈಗಾದರೂ ಒಂದೇ ಹದ ಕೊಡುತ್ತದೆ. ಹೊಸಬರಿಗೆ ಅದನ್ನು ಕಡ್ಡಾಯ ಮಾಡಿದ್ದ ಆಕೆ ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಹದವೆಂಬುದು ತನ್ನ ಹೆಬ್ಬೆರಳಿಗೇ ಗೊತ್ತು ಎಂಬ ಅಭಿಮಾನ.

ಹೀಗಿರುವಾಗ ಬಲು ಸೂಕ್ಷ್ಮ ಅಳತೆಯ ಹೊಸ ಆರ್ಡರು ಬಂತು. ಒಳ್ಳೆಯ ಕೈಗಳಿಗೇ ಕೊಡೋಣವೆಂದು ಮ್ಯಾನೇಜರು ಲೇತಿಗೆ ಆಕೆಯ ತಮ್ಮನನ್ನೂ ತಪಾಸಣೆಗೆ ಆಕೆಯನ್ನೂ ಹಾಕಿದರು. ತಮ್ಮ ಕಳಿಸಿದ ಶಾಫ್ಟುಗಳಲ್ಲಿ ಅರ್ಧಕ್ಕರ್ಧ ದಪ್ಪ ಸಾಲದೆಂದು ಅಕ್ಕನ ಮೇಜಿನಿಂದಲೇ ವಾಪಸು ಬಿದ್ದವು. ತೆಳುವಾದದ್ದಕ್ಕೆ ಉಕ್ಕು ಅಂಟಿಸಲಾದೀತೇ? ಎಲ್ಲ ಗುಜರಿ ಡಬ್ಬಕ್ಕೆ. ಈ ವಾರವೂ ಹೀಗೇ ಆದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಮ್ಯಾನೇಜರು ಅವನಿಗೆ ಹೇಳಿಬಿಟ್ಟರು. ಒಡಹುಟ್ಟಿದವನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀಯಲ್ಲೇ ಎಂದು ತಾಯಿ ಮಾತು ಬಿಟ್ಟಳು.

ಸಂಕಟದಲ್ಲಿಯೂ ಆಕೆಗೆ ಕುತೂಹಲವೇ ಮುಂದು. ಡಬ್ಬದಿಂದ ಒಂದು ಶಾಫ್ಟನ್ನೆತ್ತಿ ಸುಮ್ಮನೆ ಅಳೆದಳು, ಪಾಸಾಯಿತು! ಅರೆ, ಉಕ್ಕೇನು ಡಬ್ಬದಲ್ಲಿ ಕೂತು ಮೈ ಕೈ ತುಂಬಿಕೊಳ್ಳುವುದೇ? ಕೆಲವು ಶಾಫ್ಟುಗಳ ತುದಿಗೆ ಗುರುತು ಹಾಕಿ, ಅಳೆಯುವವರಿಗೆ ಅದು ಕಾಣದಂತೆ ಮರೆಮಾಡಿದಳು. ಮೇಜಿನ ಇನ್ನಿಬ್ಬರು ಹೆಂಗಸರೂ ತಾನೂ, ಒಬ್ಬರದನ್ನೊಬ್ಬರು ನೋಡದೆ, ಅವನ್ನೇ ಕಲಸಿ ಕಲಸಿ ಮತ್ತೆ ಮತ್ತೆ ಅಳೆಯುವುದೆಂದು ಗೊತ್ತುಮಾಡಿದಳು. ಆ ಇಬ್ಬರ ಅಳತೆಗಳು ಒಂದಕ್ಕೊಂದು ತಾಳೆಯಾದವು. ಒಬ್ಬರದು ಮಾತ್ರ ಒಂದೇ ಶಾಫ್ಟಿಗೆ ಈಗೊಂದು, ಆಮೇಲೊಂದು, ಹೆಚ್ಚಿನ ಸಲ ಕಡಿಮೆಯೇ. ಅವು ತಿರುಪನ್ನು ಒತ್ತಿ ಹಿಡಿಯುವ ಆಕೆಯದೇ ಹೆಬ್ಬೆರಳಿನವು. ಹಳೆಯ ಕೆಲಸಗಳಿಗಿದ್ದ ಧಾರಾಳವಾದ ಮಿತಿಯೊಳಗೆ ಆ ಓಲಾಟ ಅಡಗಿ ಕೂತಿತ್ತು. ಹೊಸದರಲ್ಲಿ ಅದಕ್ಕೆ ಜಾಗವಿರಲಿಲ್ಲ.

ತಪ್ಪು ತನ್ನ ಕೈಯದೇ ಎಂದು ಆಕೆ ಹೇಳಿದ್ದನ್ನು ಕೇಳಿ ಮ್ಯಾನೇಜರು ನಕ್ಕರು. "ತಮ್ಮನನ್ನ ಉಳಿಸ್ಕೊಳ್ಳೋಕೆ ಒಳ್ಳೇ ದಾರಿ ಹುಡುಕಿದ್ರಿ ಬಿಡಿ."

ಆಕೆಗೆ ಕೆನ್ನೆಗೆ ಹೊಡೆದಂತಾಯಿತು. ನೀವೇ ಕಲಸಿ ಕೊಡಿ, ನೀವೇ ಓದಿಕೊಳ್ಳಿ ಎಂದು ಉಪಕರಣ ಹಿಡಿದು ಗೋಡೆಯತ್ತ ಮುಖ ತಿರುಗಿಸಿ ನಿಂತಳು. ಅವರು ಒಂದೊಂದಾಗಿ ಕೊಟ್ಟರು, ಓದಿದರು, ಬರಬರುತ್ತ ನಗೆ ಹೋಯಿತು. ಕೊನೆಗೆ ದನಿ ತಗ್ಗಿಸಿ, ಮೈಕ್ರೋಮೀಟರ್ ಕೆಟ್ಟಿತ್ತು ಅಂದುಬಿಡೋಣ, ಇಷ್ಟು ವರ್ಷದ ಹೆಸರು ಯಾಕೆ ಕೆಡಿಸಿಕೊಳ್ತೀರಿ ಎಂದರು.

"ಅದು ಸರಿಯಾಗೇ ಇದೆ ಸರ್. ತಪ್ಪು ಅದರ ಮೇಲೆ ಹಾಕಿದ್ರೆ ನಾಳೆ ಹೊಸದು ತರಿಸ್ತೀರಿ. ಅದನ್ನೂ ನಾನೇ ಹಿಡೀತೀನಿ."

ಮೇಜು ಆಕೆ ಕಲಿಸಿದ ಕಿರಿಯಳ ಪಾಲಾಯಿತು. ಗುಜರಿಯಿಂದ ಮೇಲೆದ್ದ ಶಾಫ್ಟುಗಳಲ್ಲಿ ಬಹುಪಾಲು ಪಾಸಾದವು. ತಮ್ಮ ಲೇತಿನ ಬಳಿಯೇ ಉಳಿದ. ಆಕೆ ಕೈತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎಲ್ಲರ ಮುಂದೆ ಮರ್ಯಾದೆ ಕಳೆದುಕೊಂಡೆಯಲ್ಲಕ್ಕಾ ಎಂದು ಸಂಜೆ ಗೇಟಿನಲ್ಲಿ ತಮ್ಮ ಅಂದಾಗ, ಆಕೆ ಕೇಳಿದ್ದು ಇಷ್ಟೇ: "ಸುಮ್ನಿದ್ದಿದ್ರೆ, ಆಮೇಲೆ ಯಾವ ಅಳತೆ ನಂಬ್ಕೊಂಡು ಬದುಕ್ಲೋ?"

ಇಂಥವರೊಡನೆ ಬಾಳುವುದು ಹೈರಾಣದ ಕೆಲಸವೇ ಸರಿ. ಬೀಗ ಹಾಕಿದೆಯಾ ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತಾರೆ, ನಾವಾಡಿದ ಮಾತನ್ನು ನಮ್ಮೆದುರಿಗೇ ತಿರುವಿ ನೋಡುತ್ತಾರೆ. ಪರರನ್ನು ಸಂಶಯಿಸುವ ವಿದ್ಯೆ ನಮಗೆಲ್ಲ ಧಾರಾಳವಾಗಿ ಬರುತ್ತದೆ. ಅದೇ ಸಂಶಯಕ್ಕೆ ತಮ್ಮ ಕೈಯನ್ನೂ ಒಪ್ಪಿಸಿ, ಬಂದ ತೀರ್ಪನ್ನು ಬಾಯಿಬಿಟ್ಟು ಓದುವವರು ಎಲ್ಲೋ ಒಬ್ಬರು. ಅಂಥವರು ನಮ್ಮನ್ನು ಅಳೆದು ಸಾಲದು ಎಂದರೂ ಕೂತು ಕೇಳಬಹುದು.