ನನ್ನೊಳಗಿನ ಬಯಲು

ನಾನು ಒಂದು ಗಾಜಿನ ತಟ್ಟೆ. ಅಂಗೈಯಷ್ಟು ಅಗಲ, ಮೇಲೊಂದು ಮುಚ್ಚಳ. ಕುಲುಮೆಯಿಂದ ಅಚ್ಚಿಗೆ ಬಿದ್ದ ದಿನ, ನನ್ನೊಳಗೆ ಊಟ ಬಡಿಸುತ್ತಾರೆಂದು ನಂಬಿದ್ದೆ. ಅದು ಪೂರ್ತಿ ಸುಳ್ಳಾಗಲಿಲ್ಲ. ಮೊದಲು ಒಂದು ಕಾಲೇಜಿನಲ್ಲಿ, ಆಮೇಲೆ ಗದಗಿನ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಬಡಿಸಿದರು. ಉಂಡದ್ದು ಮಾತ್ರ ರೋಗಾಣುಗಳು.

ನನ್ನ ಗೊಂದಲ ಶುರುವಾದದ್ದೇ ಅಲ್ಲಿ. ರೋಗಿಯ ಮೈಯಿಂದ ತೆಗೆದ ರೋಗಾಣುವನ್ನು ನನ್ನೊಳಗಿನ ಗಟ್ಟಿ ಗಂಜಿಯಂಥ ಪದಾರ್ಥದ ಮೇಲೆ ಹರಡಿ, ಬೆಚ್ಚಗಿಟ್ಟು ಸಾಕುತ್ತಾರೆ. ಜೊತೆಗೇ ಔಷಧ ಹೀರಿದ ಕಾಗದದ ಬಿಲ್ಲೆಗಳನ್ನೂ ಇಡುತ್ತಾರೆ. ಮಾರನೆಯ ದಿನ ಬಿಲ್ಲೆಯ ಸುತ್ತ ದುಂಡಗೆ ಬಯಲಾಗಿದ್ದರೆ ಆ ಔಷಧ ನಾಟುತ್ತದೆ ಎಂದರ್ಥ. ಏನೂ ಬೆಳೆಯದ ಜಾಗ ನೋಡಿ ಹಿಗ್ಗುವ ಜನರಿವರು.

ಒಮ್ಮೆ ದಾಕ್ಷಾಯಣಿ ಎಂಬ ಬಾಣಂತಿಯ ರಕ್ತದಲ್ಲಿದ್ದ ರೋಗಾಣು ನನ್ನ ಪಾಲಿಗೆ ಬಂತು. ಅವಳಿಗೆ ಜ್ವರ ಇಳಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಲ್ಯಾಬಿನ ಮುಮ್ತಾಜ್ ಡಾಕ್ಟರು ನನ್ನನ್ನು ಬೆಳಕಿಗೆ ಹಿಡಿದರು. ಬಿಲ್ಲೆಗಳ ಬುಡದವರೆಗೂ ಬೆಳೆ ಹಬ್ಬಿತ್ತು.

"ಹಾಕಿದ್ದೆಲ್ಲಾದಕ್ಕೂ ರೆಸಿಸ್ಟೆನ್ಸ್ ಐತ್ರಿ," ಎಂದು ವಾರ್ಡಿಗೆ ಫೋನಿನಲ್ಲಿ ಹೇಳಿದರು.

ಕಿಟಕಿಯಾಚೆ ಮಗನ ಜೊತೆ ಕಾಯುತ್ತಿದ್ದ ದಾಕ್ಷಾಯಣಿಯ ಅತ್ತೆ ಗೌರವ್ವನ ಮುಖ ಅರಳಿತು. "ಕೇಳಿದೇನೋ ಬಸಣ್ಣ? ನಿನ್ನ ಹೇಣ್ತೀಗೆ ರೆಸಿಸ್ಟೆನ್ಸ್ ಪವರ್ ಭಾಳ ಐತಂತ! ಬಾಣಂತಿಗಂತ ನಾ ಮಾಡಿ ತಿನಿಸಿದ ಅಂಟಿನುಂಡಿ ಸುಮ್ನ ಹೋಗಲಿಲ್ಲ ನೋಡು. ನಡಿ, ಮನೀಗೆ ಕರಕೊಂಡು ಹೋಗೂಣು."

ಡಾಕ್ಟರು ಫೋನು ಬಿಟ್ಟು ಓಡಿ ಬಂದರು. "ತಡೀರಿ ಯವ್ವಾ! ರೆಸಿಸ್ಟೆನ್ಸ್ ಇರೂದು ನಿಮ್ಮ ಸೊಸೀಗಲ್ರಿ, ಆಕಿ ಮೈಯಾಗಿನ ಹುಳಕ್ಕ. ನಾವು ಕೊಟ್ಟ ಔಷಧಕ್ಕ ಅದು ಜಗ್ಗವಲ್ದು. ಈಗ ಮನೀಗೆ ಒಯ್ದರ ಜೀವಕ್ಕ ಅಪಾಯ."

ಒಂದೇ ಮಾತು. ಮನುಷ್ಯನಲ್ಲಿದ್ದರೆ ಹಬ್ಬ, ಹುಳದಲ್ಲಿದ್ದರೆ ಸಾವು. ನನಗೂ ತಲೆ ತಿರುಗಿತು. ಗೌರವ್ವ ಕಿಟಕಿಯ ಸರಳು ಹಿಡಿದು ನಿಂತಳು.

ನನ್ನನ್ನು ಹಬೆಯಲ್ಲಿ ಶುದ್ಧಮಾಡಿ, ಹೊಸ ಗಂಜಿ ಹೊಯ್ದು, ಬೇರೆಡೆ ತೆಗೆದಿಟ್ಟಿದ್ದ ಅದೇ ರೋಗಾಣುವನ್ನು ಮತ್ತೆ ಹರಡಿ, ಬೇರೆ ಔಷಧಗಳ ಬಿಲ್ಲೆ ಇಟ್ಟರು. ಬಿಲ್ಲೆಯ ಸುತ್ತ ಬಯಲಾದರೆ ಔಷಧ ಸಿಕ್ಕಂತೆ ಎಂದು ಡಾಕ್ಟರು ಗೌರವ್ವನಿಗೆ ತಿಳಿಸಿ ಹೇಳಿದರು. ಮರುದಿನ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಗೌರವ್ವ ಕಿಟಕಿಯ ಬಳಿ ಇದ್ದಳು.

"ಬಯಲಾತೇನ್ರಿ?"

"ಒಂದಕ್ಕ ಆಗೇತ್ರಿ. ಭಾಳ ಸಣ್ಣದು."

"ಸಣ್ಣದಾದ್ರೇನ್ರೀ? ಒಬ್ಬಾಕಿ ನಿಲ್ಲಾಕ ಸಾಲೂದಿಲ್ಲೇನು?"

ಸಾಲಿತು. ಆ ಔಷಧಕ್ಕೆ ಜ್ವರ ಬಗ್ಗಿತು. ದಾಕ್ಷಾಯಣಿ ಕೂಸನ್ನೆತ್ತಿಕೊಂಡು ನಮ್ಮ ಕಿಟಕಿಯ ಮುಂದೆಯೇ ನಡೆದು ಹೋದಳು.

ಈಗ ನನ್ನ ಅಂಚು ಒಡೆದಿದೆ. ಮೇಜಿನ ಮೂಲೆಯಲ್ಲಿ ಗುಂಡುಪಿನ್ನು ಹೊತ್ತು ಕುಳಿತಿದ್ದೇನೆ. ನನ್ನ ಕೆಲಸಕ್ಕೆ ಪ್ಲಾಸ್ಟಿಕ್ ತಟ್ಟೆಗಳು ಬಂದಿವೆ. ಒಂದು ಸಲ ಬಳಸಿ ಎಸೆಯುತ್ತಾರೆ. ನನ್ನ ಎಳೆಯ ವಯಸ್ಸಿನಲ್ಲಿ ಕೂಸಿನ ಬಳೆಯಷ್ಟಿರುತ್ತಿದ್ದ ಬಯಲು, ದಾಕ್ಷಾಯಣಿಯ ಪಾಲಿಗೆ ಅಂಗಿಯ ಗುಂಡಿಯಷ್ಟಾಗಿತ್ತು. ಇಂದು ಬಂದ ಬಾಣಂತಿಗೆ ಎಷ್ಟು ಉಳಿದಿದೆಯೋ, ಇಲ್ಲಿಂದ ನನಗೆ ಕಾಣುವುದಿಲ್ಲ. ಹೊಸ ತಟ್ಟೆಗಳನ್ನು ಕೇಳೋಣವೆಂದರೆ, ನಿನ್ನೆಯ ಬಯಲನ್ನು ಕಂಡ ತಟ್ಟೆ ಅವುಗಳಲ್ಲಿ ಒಂದೂ ಇಲ್ಲ.