ಗುರುವಿನ ಮೇಲಿನ ಕಲೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಅವಳಿಗೆ ದಿನಕ್ಕೊಮ್ಮೆಯಾದರೂ ನೆನಪಾಗುತ್ತಿತ್ತು. ಕಟ್ಟುಹಲ್ಲು ಮಾಡುವುದು ಅವಳ ಕಸುಬು, ಆದರೆ ಗಾದೆ ನೆನಪಾಗುತ್ತಿದ್ದದ್ದು ಅದಕ್ಕಲ್ಲ, ಭಾವನ ದೂರದರ್ಶಕಕ್ಕೆ.

ಅಕ್ಕನ ಗಂಡ ಬಚ್ಚಲುಮನೆಯ ಟೈಲ್ಸ್ ಮಾರುವವನು. ಅವನ ದೂರದರ್ಶಕ ಹಂಡೆಯಷ್ಟು ದಪ್ಪ, ಗುಂಡಿ ಒತ್ತಿದರೆ ತಾನಾಗಿ ಗ್ರಹ ಹುಡುಕುವಂಥದ್ದು. ಅಂಗಡಿಯ ಗಿರಾಕಿಗಳನ್ನು ಮನೆಯ ತಾರಸಿಗೆ ಕರೆತಂದು ಶನಿಯ ಬಳೆ ತೋರಿಸುವಾಗ, ಅದನ್ನು ತಾನೇ ಕೂರಿಸಿದವನಂತೆ ಬೀಗುತ್ತಿದ್ದ. ಒಮ್ಮೆ ಎದುರು ಕಟ್ಟಡದ ತುದಿಯ ಕೆಂಪು ದೀಪವನ್ನೇ ಮಂಗಳವೆಂದು ಊರಿಗೆಲ್ಲ ತೋರಿಸಿದ್ದ. ಅವಳು ಆ ಕಥೆಯನ್ನು ಹವ್ಯಾಸಿ ಖಗೋಳ ವೀಕ್ಷಕರ ಸಂಘದಲ್ಲಿ ಉಪ್ಪುಖಾರ ಹಚ್ಚದೆಯೇ ಹೇಳಿದಳು. ಹಚ್ಚುವ ಅಗತ್ಯವಿರಲಿಲ್ಲ.

ಅವಳದು ಸಣ್ಣ ದೂರದರ್ಶಕ, ಬಣ್ಣ ಕಿತ್ತುಹೋದದ್ದು. ಅದರಲ್ಲೇ ಇಪ್ಪತ್ತು ವರ್ಷದಿಂದ ಗುರುಗ್ರಹದ ಪಟ್ಟೆಗಳನ್ನು ನೋಡಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಸಂಘದಲ್ಲಿ ಗ್ರಹ ವಿಭಾಗದ ಮುಖ್ಯಸ್ಥೆ ಅವಳೇ. ಬೇರೆಯವರ ವರದಿ ಅವಳ ಕೈಯಿಂದ ಸಿಪ್ಪೆ ಸುಲಿಸಿಕೊಂಡೇ ಹೊರಬರಬೇಕು. ಜೀವನದಲ್ಲಿ ಅವಳಿಗೆ ಇದ್ದ ಆಸೆ ಒಂದೇ: ಆ ಗ್ರಹದ ಮೇಲೆ ಯಾರೂ ಕಾಣದ ಹೊಸದೊಂದನ್ನು ಎಲ್ಲರಿಗಿಂತ ಮೊದಲು ಕಾಣಬೇಕು.

ಅವತ್ತು ಸಂಜೆ ಬೆಳಕು ಆರುವ ಹೊತ್ತಿಗೆ ಭಾವನ ಫೋನ್ ಬಂತು. ಅವಳ ಎರಡು ಕೈಗೂ ಹಲ್ಲಿನ ಅಚ್ಚಿನ ಪ್ಲಾಸ್ಟರು ಮೆತ್ತಿತ್ತು. ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ಬೇಗ ಬಾರಮ್ಮ. ಗುರು ಮೇಲೆ ಏನೋ ಕಪ್ಪಗೆ ಕಾಣ್ತಿದೆ. ನಿನ್ನೆ ಇರ್ಲಿಲ್ಲ."

"ಅದು ಗುರುವಿನ ಉಪಗ್ರಹದ ನೆರಳು ಭಾವ. ಇವತ್ತು ಸಂಜೆ ಬೀಳತ್ತೆ ಅಂತ ಪಟ್ಟಿಯಲ್ಲೇ ಇದೆ. ಬೆಳಿಗ್ಗೆ ನೋಡಿದೀನಿ."

"ನೆರಳು ದುಂಡಗಿರತ್ತೆ ಅಂತ ನೀನೇ ಹೇಳಿದ್ದೆ. ಇದು ಉದ್ದಕ್ಕೆ, ಮಸಿ ಒರೆಸಿದ ಹಾಗಿದೆ."

"ನಿಮ್ಮ ಫೋಕಸ್ ಸರಿಯಿಲ್ಲ."

"ಅದೂ ಧ್ರುವದ ಹತ್ರ ಇದೆ ಕಣಮ್ಮ, ನಡುವೆ ಅಲ್ಲ. ವಿಡಿಯೋ ತೆಗೆದಿದೀನಿ."

"ಭಾವ, ನಂಗೆ ನಾಳೆ ಬೆಳಿಗ್ಗೆಗೆ ಎರಡು ಸೆಟ್ ಹಲ್ಲು ಕೊಡೋದಿದೆ. ನೀವು ನಿಮ್ಮ ಗಿರಾಕಿಗಳಿಗೆ ತೋರಿಸಿ, ಸಂತೋಷ ಪಡ್ತಾರೆ."

ಭಾವನ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಅವಳು ಪ್ಲಾಸ್ಟರು ಕಲಸುತ್ತ, ಕತ್ತೆಗೇನು ಗೊತ್ತು ಕಸ್ತೂರಿಯ ವಾಸನೆ ಎಂದು ಗೊಣಗಿಕೊಂಡಳು.

ಎರಡು ದಿನ ಕಳೆದು ಸಂಘದ ಕಾರ್ಯದರ್ಶಿ ಫೋನ್ ಮಾಡಿದ. ಬೇರೆ ದೇಶದ ಹವ್ಯಾಸಿಯೊಬ್ಬ ಗುರುವಿನ ಧ್ರುವದ ಬಳಿ ಕಪ್ಪು ಕಲೆ ಕಂಡು ಜಗತ್ತಿಗೆಲ್ಲ ಸಾರಿದ್ದ. ಏನೋ ಬಂದು ಗ್ರಹಕ್ಕೆ ಅಪ್ಪಳಿಸಿದೆಯೆಂದು ದೊಡ್ಡ ವೀಕ್ಷಣಾಲಯಗಳೂ ಹೇಳಿದ್ದವು. "ನಮ್ಮೋರು ಯಾರಾದ್ರೂ ನೋಡಿದ್ರಾ ಮೇಡಂ?" ಎಂದು ಕೇಳಿದ. ಕಾರ್ಯದರ್ಶಿ ಹೇಳಿದ ಹೊತ್ತಿನ ಪ್ರಕಾರ, ಆ ಹವ್ಯಾಸಿ ಕಲೆಯನ್ನು ಕಂಡದ್ದು ಭಾವನ ಫೋನ್ ಬಂದು ಒಂದು ತಾಸಾದ ಮೇಲೆ.

"ಆಮೇಲೆ ಹೇಳ್ತೀನಿ," ಎಂದು ಫೋನಿಟ್ಟು ನೆರಳಿನ ಪಟ್ಟಿ ತೆಗೆದಳು. ಅದರಲ್ಲಿದ್ದದ್ದು ಗ್ರೀನಿಚ್ ಕಾಲ, ನಮ್ಮದಕ್ಕಿಂತ ಐದೂವರೆ ತಾಸು ಹಿಂದಿನದು. ಊರಿನ ಕಾಲಕ್ಕೆ ಲೆಕ್ಕ ಹಾಕಿದರೆ, ಆ ನೆರಳು ಬಿದ್ದದ್ದು ಗುರು ಮುಳುಗಿದ ಮೇಲೆ. ಪಟ್ಟಿಯ ಹೊತ್ತನ್ನು ನಮ್ಮ ಗಡಿಯಾರಕ್ಕೆ ತಿರುಗಿಸಿಕೊಳ್ಳಿ ಎಂಬುದು ಸಂಘಕ್ಕೆ ಬರುವ ಹೊಸಬರಿಗೆ ಅವಳ ಮೊದಲ ಪಾಠ. ಮರೆತವರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುತ್ತಿದ್ದಳು.

ಕತ್ತಲಾಗುವ ಮೊದಲೇ ಭಾವನ ತಾರಸಿಯಲ್ಲಿದ್ದಳು. ಅಕ್ಕನೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಭಾವ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಬಗ್ಗಿ ನೋಡಿದಳು. ಧ್ರುವದ ಬಳಿ ಕಲೆ ಇತ್ತು. ಉದ್ದಕ್ಕೆ, ಮಸಿ ಒರೆಸಿದ ಹಾಗೆ. ಫೋಕಸ್‌ನಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಆವತ್ತಿನ ವಿಡಿಯೋ ಎಲ್ಲಿ ಭಾವ?"

"ಅಳಿಸಿಬಿಟ್ಟೆ. ಮಾಮೂಲಿ ನೆರಳು ಅಂದ್ಯಲ್ಲ, ಸುಮ್ನೆ ಯಾಕೆ ಜಾಗ ತುಂಬಿಸೋದು ಅಂತ."

"ಅದು ನೆರಳಲ್ಲ. ಜಗತ್ತಲ್ಲಿ ಎಲ್ಲರಿಗಿಂತ ಮೊದಲು ಕಂಡೋರು ನೀವು."

ಭಾವ ನಗಲಿಲ್ಲ. ಲೆನ್ಸಿನ ಮುಚ್ಚಳವನ್ನು ಕೈಯಲ್ಲೇ ತಿರುಗಿಸುತ್ತ, "ನಿಂಗೆ ತೋರಿಸೋಣ ಅಂತಲೇ ಫೋನ್ ಮಾಡಿದ್ದು," ಎಂದ.

ಅವಳು ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿದಳು: ಮೊದಲು ಕಂಡವರು ಭಾವ, ಸುದ್ದಿ ಹೊರಬೀಳದಂತೆ ಮಾಡಿದವಳು ತಾನು.

"ಪುರಾವೆ ಏನಿದೆ ಮೇಡಂ?"

"ಏನೂ ಇಲ್ಲ."

"ಹಾಗಾದ್ರೆ ಹೇಗೆ ಬರೆಯೋದು? ಪುರಾವೆ ಇಲ್ದೆ ಯಾರೇನು ಹೇಳಿದ್ರೂ ಅದು ಗಾಳಿಮಾತು ಅಂತ ನಿಯಮ ಮಾಡಿದ್ದು ನೀವೇ. ಅದೂ ಅವರ ಮಾತು..." ಕಾರ್ಯದರ್ಶಿ ಮೂಗಿನಲ್ಲೇ ಸಣ್ಣಗೆ ನಕ್ಕ. "ಆ ಕೆಂಪು ದೀಪದ ಸಾಹೇಬ್ರಲ್ವಾ?"

ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತ್ತು. ಅವಳು ಫೋನಿಟ್ಟಳು. ಭಾವ ದೂರದರ್ಶಕದ ಮೇಲೆ ಬಟ್ಟೆ ಹೊದಿಸತೊಡಗಿದ.

"ನಂಬಲ್ಲವಂತೆ," ಎಂದಳು, ಯಾರ ಮುಖವನ್ನೂ ನೋಡದೆ.

ಅಕ್ಕ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. "ಯಾರಾದ್ರೂ ಪಕ್ಕದ ಬೀದಿಯಿಂದ ಎದ್ದು ಬಂದು ನೋಡಿದ್ರೆ ನಂಬಿರೋರು," ಎಂದು ಕುರ್ಚಿಗಳನ್ನೆತ್ತಿಕೊಂಡು ಕೆಳಗಿಳಿದಳು.